ಹಾಯ್ಟ್ ಓದಿದ ಕೊನೆಯ ಅಧ್ಯಾಯ

"ನಾಲ್ಕು ವರ್ಷ ಕಾದಿದ್ದು ಇದಕ್ಕೇನ್ರೀ?" ಎಂದು ಡೋವಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. ಪಕ್ಕದ ತಟ್ಟೆಯಲ್ಲಿದ್ದ ಕೇಕು ಬೆಚ್ಚಿದಂತೆ ಅಲುಗಿತು.

ಅಲಬಾಮಾ ಸೀಮೆಯ ಆ ಸಣ್ಣ ಊರಿನ ಚರ್ಚಿನ ಹಿಂದಿನ ಕೊಠಡಿಯಲ್ಲಿ ಗುರುವಾರದ ಓದುಗರ ಕೂಟ ಸೇರಿತ್ತು. ಆ ಪುಸ್ತಕ ಬರೆದ ಕಾದಂಬರಿಕಾರ್ತಿಯೆಂದರೆ ಅವರೆಲ್ಲರಿಗೂ ಪ್ರಾಣ. ಅವಳ ಹಿಂದಿನ ಹನ್ನೊಂದು ಕಾದಂಬರಿಗಳೂ ಇವರದೇ ದಕ್ಷಿಣ ಸೀಮೆಯವು. ಇವರದೇ ಕೆಂಪು ಮಣ್ಣು, ಇವರದೇ ಪೀಚ್ ತೋಟ, ಕೊನೆಗೊಂದು ಮದುವೆ. ಈ ಹನ್ನೆರಡನೆಯದರಲ್ಲಿ ಮಾತ್ರ ಮದುವೆ ಇರಲಿಲ್ಲ. ಮುದುಕ ದೋಣಿಗಾರ ಹೊಳೆ ದಾಟಿ ಬಂದು ತಾನು ಮೆಚ್ಚಿದ ಲೀನಾಳ ಬಾಗಿಲ ಮುಂದೆ ನಿಲ್ಲುತ್ತಾನೆ. ಬಾಗಿಲು ತೆರೆಯುವುದಿಲ್ಲ. ಅವನು ಬಂದ ದಾರಿಯಲ್ಲೇ ಹೋಗುತ್ತಾನೆ.

"ಅವಳು ಬರೆದದ್ರಲ್ಲೆಲ್ಲ ನಿಜವಾದ ಪುಸ್ತಕ ಅಂದ್ರೆ ಇದೇ," ಎಂದಳು ಇಮೋಜೀನ್. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು.

"ನಿಜ ಬೇಕಾಗಿದ್ರೆ ನಮ್ಮನೇಲೇ ಕೂತಿರ್ತಿದ್ದೆ. ಪುಸ್ತಕ ಯಾಕೆ ಓದ್ಲಿ?"

ಎಲ್ಲರೂ ನಕ್ಕರು. ವಿಲ್ಲಡೀನ್ ನಗಲಿಲ್ಲ.

"ನೀವಿಬ್ರೂ ಯಾವ ಪುಸ್ತಕದ ಮಾತಾಡ್ತಿದೀರಿ? ಲೀನಾ ಬಾಗಿಲು ತೆಗೀತಾಳಲ್ಲ! 'ಕಾಲೊರಸ್ಕೊಂಡು ಒಳಗೆ ಬನ್ನಿ' ಅಂತಾಳಲ್ಲ! ಆ ಒಂದು ಮಾತಿಗೆ ನಾನು ಎರಡು ದಿನ ಅತ್ತಿದೀನಿ."

ಎಲ್ಲರ ಕಣ್ಣೂ ಕಿಟಕಿಯ ಬಳಿ ಕುಳಿತಿದ್ದ ಹಾಯ್ಟನ ಕಡೆ ತಿರುಗಿದವು. ವಿಲ್ಲಡೀನಳ ದೃಷ್ಟಿ ಮಂಜಾಗಿ ಎರಡು ವರ್ಷವಾಗಿತ್ತು. ದಿನವೂ ಮಧ್ಯಾಹ್ನ ಆಕೆಯ ಮನೆಗೆ ಹೋಗಿ ಓದಿ ಹೇಳುತ್ತಿದ್ದವನು ಹಾಯ್ಟ್ ಎಂಬುದು ಊರಿಗೆಲ್ಲ ಗೊತ್ತು. ಎಪ್ಪತ್ತೊಂದು ವರ್ಷದ ಅವನ ಕಿವಿಗಳು ಹುಡುಗನ ಕಿವಿಗಳಂತೆ ಕೆಂಪಾದವು.

ಡೋವಿ ಬಾಯಿ ತೆರೆದಳು.

"ಡೋವಿ, ಕೇಕ್ ತಿನ್ನು," ಎಂದಳು ಇಮೋಜೀನ್.

ಕೂಟ ಮುಗಿದ ಮೇಲೆ ಹಾಯ್ಟ್ ತನ್ನ ಟ್ರಕ್ಕಿನಲ್ಲಿ ಆಕೆಯನ್ನು ನಾಲ್ಕು ಮೈಲಿ ದೂರದ ಅವಳ ಮನೆಗೆ ಕರೆತಂದ. ಮನೆಯ ಜಗಲಿಯಲ್ಲಿ ತನ್ನ ಕುರ್ಚಿಯನ್ನು ತಡವಿ ಕುಳಿತ ಮೇಲೆ ವಿಲ್ಲಡೀನ್ ಹೇಳಿದಳು: "ಓದಿ. ಅವಳು ಬರೆದಿರೋದನ್ನ."

ಹಾಯ್ಟ್ ಓದಿದ. ಮೊದಲ ಸಲ ಓದಿದ ದಿನ ಇದೇ ಪುಟಕ್ಕೆ ಬಂದಾಗ ಆಕೆಯ ಬೆರಳುಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದದ್ದನ್ನು ಅವನು ನೋಡಿದ್ದ. ಕಣ್ಣು ಒಂದನ್ನು ಓದಿತ್ತು, ಬಾಯಿ ಇನ್ನೊಂದನ್ನು ಹೇಳಿತ್ತು. ತಡೆಯುವುದು ಅವನ ಕೈಲಾಗಿರಲಿಲ್ಲ. ಇಂದು ಇದ್ದದ್ದು ಇದ್ದಂತೆ ಓದಿದ. ದೋಣಿಗಾರ ಬೆನ್ನು ತಿರುಗಿಸುವ ಕಡೆ ಸ್ವರ ಒಡೆಯಿತು.

"ಚೆನ್ನಾಗಿ ಬರ್ದಿದಾಳೆ," ಎಂದಳು ಆಕೆ. "ನಿಮ್ಮದಕ್ಕಿಂತ ಎಷ್ಟೋ ಚೆನ್ನಾಗಿದೆ."

"ಹೌದು."

"ಕಣ್ಣು ಕಾಣದೋಳಿಗೆ ಸುಳ್ಳು ಓದೋದು ಪಾಪ ಅಲ್ವೇ?"

"ಪಾಪವೇ. ದಿನಾ ದೇವರ ಹತ್ರ ಒಪ್ಕೊಂಡಿದೀನಿ."

"ದೇವರ ಹತ್ರ ಒಪ್ಕೊಂಡ್ರಿ. ನನ್ನ ಹತ್ರ?"

ಹಾಯ್ಟ್ ಪುಸ್ತಕವನ್ನು ಮುಚ್ಚಿ ತೆರೆದ, ತೆರೆದು ಮುಚ್ಚಿದ. ಇನ್ನು ನಾಳೆಯಿಂದ ಬರಬೇಡಿ ಎಂದುಬಿಟ್ಟರೆ ತನ್ನ ಮಧ್ಯಾಹ್ನಗಳ ಗತಿಯೇನು ಎಂಬುದೊಂದೇ ಅವನ ತಲೆಯಲ್ಲಿತ್ತು.

"ನಿಮ್ಮ ಕಥೇಲೂ ಒಂದು ತಪ್ಪಿದೆ, ಹಾಯ್ಟ್. ಆ ಮುದುಕ ಬಾಗಿಲು ತಟ್ಟೋದೇ ಇಲ್ಲ. ಸುಮ್ನೆ ನಿಂತಿರ್ತಾನೆ. ತಟ್ಟದೆ ಒಳಗಿರೋಳಿಗೆ ಹೇಗ್ರೀ ಗೊತ್ತಾಗ್ಬೇಕು?"

ಆಕೆ ಎದ್ದಳು. ಗೋಡೆ ಹಿಡಿದು ಒಳಗೆ ನಡೆದು ಜಾಲರಿ ಬಾಗಿಲಿನ ಕೊಂಡಿ ಹಾಕಿಕೊಂಡಳು.

ಹಾಯ್ಟ್ ಜಗಲಿಯಲ್ಲಿ ಉಳಿದ. ಟ್ರಕ್ಕು ಮೂವತ್ತು ಹೆಜ್ಜೆಯಲ್ಲಿತ್ತು. ಆರು ವರ್ಷದ ಹಿಂದೆ ತೀರಿಕೊಂಡ ಅವನ ಹೆಂಡತಿ ಪರ್ಲ್ ನೆನಪಾದಳು. ಮದುವೆಯಾಗೆಂದು ಅವಳನ್ನೂ ಅವನು ಬಾಯಿಬಿಟ್ಟು ಕೇಳಿದವನಲ್ಲ. ಅವಳೇ ಕೇಳಿದ್ದಳು. ಕೇಳುವುದು ಹೇಗೆಂದು ಕಲಿಸಿಕೊಡದೆ ಹೊರಟುಹೋದಳು, ಪುಣ್ಯಾತ್ಮೆ. ದೇವರೇ, ಎಂದುಕೊಂಡ. ಮುಂದಿನ ಪ್ರಾರ್ಥನೆ ತೋಚಲಿಲ್ಲ.

ಬಾಗಿಲು ತಟ್ಟಿದ.

"ಯಾರು?"

"ನಾನು."

"ನಾನು ಅಂದ್ರೆ? ಈ ಊರಲ್ಲಿ ಬೇಕಾದಷ್ಟು ಜನ 'ನಾನು'ಗಳಿದಾರೆ."

"ಹಾಯ್ಟ್. ಹಾಯ್ಟ್ ಲೆಡ್‌ಬೆಟರ್."

"ಏನು ಬೇಕಿತ್ತು, ಮಿಸ್ಟರ್ ಲೆಡ್‌ಬೆಟರ್?"

ಎಷ್ಟೋ ಪುಸ್ತಕಗಳ ಮಾತುಗಳನ್ನು ಆಕೆಗೆ ಓದಿದ್ದ. ಒಂದೂ ನೆರವಿಗೆ ಬರಲಿಲ್ಲ.

"ನೀವು," ಎಂದ.

ಆಮೇಲೆ ಜಾಲರಿಯ ಆಚೆ ಆಕೆಯ ಬೆರಳುಗಳು ಕಂಡವು. ಕೊಂಡಿಯನ್ನು ಹುಡುಕುತ್ತ ಮೇಲೆ ಹೋದವು, ಕೆಳಗೆ ಬಂದವು, ಮತ್ತೆ ಮೇಲೆ ಹೋದವು. ಒಂದಂಗುಲ ಎಡಕ್ಕೆ ಎಂದು ಹೇಳಬಹುದಿತ್ತು. ಅವನು ಆ ಬೆರಳುಗಳನ್ನೇ ನೋಡುತ್ತ ನಿಂತ.

ಕೊಂಡಿ ಟಿಕ್ಕೆಂದು ಕಳಚಿತು.

ಕಾಲೊರೆಸಿಕೊಳ್ಳಲು ಹೇಳುವಳೆಂದು ಹಾಯ್ಟ್ ಕಾದ. ಆಕೆ ಏನೂ ಹೇಳದೆ ಬಾಗಿಲು ಹಿಡಿದು ನಿಂತಿದ್ದಳು. ಅವನೇ ಒರೆಸಿಕೊಂಡ.