ಮೂರನೇ ಟ್ಯೂಬೂ ಗುಲಾಬಿ

"ಮತ್ತೆ ಹಾಳು ಮಾಡಿದ್ರಿ."

ಹಾರ್ಮೋನ್ ಪ್ರಯೋಗಾಲಯದ ಕಿರಿಯ ಸಂಶೋಧಕಿ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿಳಿಯಾಗಿರಬೇಕಿದ್ದ ಜೊಲ್ಲಿನಲ್ಲಿ ನಸುಗುಲಾಬಿ ಎಳೆ.

ಎದುರಿನ ಕುರ್ಚಿಯಲ್ಲಿ ಅಗ್ನಿಶಾಮಕ ವಾಹನದ ಡ್ರೈವರ್. ಆರಡಿಯ ಆಳು, ಮುದುಡಿ ಕೂತಿದ್ದ.

"ನೋಡಿ, ರಾತ್ರಿ ಪಾಳಿ ಮಾಡೋರ ಟೆಸ್ಟೋಸ್ಟೆರಾನ್ ಎಷ್ಟಿರುತ್ತೆ ಅಂತ ನಾವು ಅಳೀತಿರೋದು. ಜೊಲ್ಲಿಗೆ ಚೂರು ರಕ್ತ ಸೇರಿದ್ರೂ ಲೆಕ್ಕ ಸುಳ್ಳಾಗಿ ಏರುತ್ತೆ. ಮೂರನೇ ಸಲ ಇದು. ನಿಮ್ಮನ್ನ ಕೈಬಿಡಲೇಬೇಕು."

"ಅಂದ್ರೆ... ಇನ್ನು ಸೋಮವಾರ ಬರೋ ಹಾಗಿಲ್ವಾ?"

"ಯಾಕೆ ಬರ್ತೀರಿ?"

ಕೇಳಿದ ಮೇಲೆ ಆ ಪ್ರಶ್ನೆ ಅವಳತ್ತಲೇ ತಿರುಗಿತು. ಸೋಮವಾರ ಬಂತೆಂದರೆ ತಾನೇಕೆ ಕನ್ನಡಿಯ ಮುಂದಿನಿಂದ ಕದಲುವುದಿಲ್ಲ... ಅದನ್ನು ಯಾರಿಗೆ ಹೇಳುವುದು? ಇವನಿಗೋ ಎಲ್ಲವೂ ತಮಾಷೆ. ಇಲ್ಲದಿದ್ದರೆ ಅಷ್ಟು ಸಲ ಹೇಳಿದ್ದು ನೆನಪಿರುವುದಿಲ್ಲವೇ?

"ಬರೋ ಮುಂಚೆ ಹಲ್ಲುಜ್ಜಬೇಡಿ ಅಂದಿದ್ದೆ ತಾನೆ?"

"ಅಂದಿದ್ರಿ."

"ಉಜ್ಜಿದ್ರಾ?"

"ಉಜ್ಜಿದೆ... ಒಸಡು ಕಿತ್ತುಬರೋ ಹಾಗೆ."

"ಬೇಕಂತಲೇ?"

ಫ್ರಿಜ್ ಬಳಿ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದ ಹಿರಿಯ ಟೆಕ್ನೀಷಿಯನ್ ಅಕ್ಕ ತಿರುಗಿ ನೋಡಿದಳು.

ಅವನು ತಲೆ ತಗ್ಗಿಸಿದ. "ಸುಟ್ಟ ಮನೆಗಳ ಹೊಗೆ ಕುಡಿದು ಬರ್ತೀನಿ ಮೇಡಂ. ಆ ಬಾಯಲ್ಲೇ ನಿಮ್ಮೆದುರು ಕೂತು ಹೇಗೆ ಮಾತಾಡ್ಲಿ? ನೀವು ಸಿಗೋದೇ ಹತ್ತು ನಿಮಿಷ..."

ಅವಳು ಕೈಯಲ್ಲಿದ್ದ ಟ್ಯೂಬನ್ನು ಮೆಲ್ಲಗೆ ಮೇಜಿನ ಸ್ಟ್ಯಾಂಡಿನಲ್ಲಿಟ್ಟಳು.

"ಜೊಲ್ಲು ಕೊಡೋಕೂ ಸಿಂಗಾರ ಮಾಡ್ಕೊಂಡು ಬಂದೋನು ನೀನೊಬ್ಬನೇ ಕಣಪ್ಪ," ಅಕ್ಕ ನಕ್ಕಳು. "ಇವಳೂ ಏನು ಕಮ್ಮಿಯಿಲ್ಲ. ನಿನ್ನ ಸರದಿ ಬಂದ್ರೆ ಸಾಕು, ನನ್ನನ್ನ ಫ್ರಿಜ್ ಹತ್ರ ಅಟ್ತಾಳೆ."

"ಅಕ್ಕಾ, ಸುಮ್ನಿರು!"

ಕೆನ್ನೆ ಬಿಸಿಯಾಯಿತು. ಇಷ್ಟು ವಾರ ತುಟಿ ಬಿಗಿಹಿಡಿದು ಕೂತಿದ್ದೇನು ಸುಮ್ಮನೆಯೇ? ಅವಳು ಪೆನ್ನು ತೆಗೆದು ಪಟ್ಟಿಯಲ್ಲಿದ್ದ ಅವನ ಸಂಖ್ಯೆಯ ಮೇಲೆ ಅಡ್ಡಗೆರೆ ಎಳೆದಳು.

ಅವನ ಮುಖ ಬಾಡಿತು. "ಹಾಗಾದ್ರೆ ಮುಗೀತು."

"ಹೂಂ. ಇಲ್ಲಿ ಸ್ಯಾಂಪಲ್ ಕೊಡೋರ ಜೊತೆ ನಾವು ಹೊರಗೆ ಓಡಾಡೋ ಹಾಗಿಲ್ಲ." ಅವಳು ಉಸಿರೆಳೆದುಕೊಂಡಳು. "ನೀವೀಗ ಸ್ಯಾಂಪಲ್ ಕೊಡೋರಲ್ಲ."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ.

"ನಾಳೆ ಬೆಳಿಗ್ಗೆ ಕಾಫಿ ಕುಡಿದು ಬರಬೇಡಿ," ಅಂದಳು.

"ಇನ್ನೂ ನಿಯಮಾನಾ?"

"ಇಲ್ಲ... ನಾನೂ ಕುಡಿದಿರಲ್ಲ."