ಜಯಶೀಲಾಳ ಪಾಲು

"ಮೇಡಂ, ಇದ್ರಲ್ಲಿ ಸತ್ತವ್ರಿಗೂ ಪಾಲು ಬರುತ್ತಾ?"

ಜಯನಗರ ನಾಲ್ಕನೇ ಬ್ಲಾಕಿನ ಬೈಂಡಿಂಗ್ ಅಂಗಡಿಯಲ್ಲಿ ಮೈತ್ರಿ ಆಗಷ್ಟೇ ತನ್ನ ಸಂಶೋಧನೆಯ ಹಾಳೆಗಳನ್ನು ಕೊಟ್ಟು ಮೊಬೈಲ್ ನೋಡುತ್ತ ನಿಂತಿದ್ದಳು. ಕೇಳಿದವನು ಅಂಗಡಿಯ ದೇವರಾಜ್. ಕೈಯಲ್ಲಿ ಗೋಂದಿನ ಬ್ರಷ್ ಇತ್ತು. ಹಾಳೆಗಳ ಮೇಲಿದ್ದ ಕನ್ನಡ ಸಾರಾಂಶವನ್ನು ಅವನು ನಿಂತ ನಿಲುವಿನಲ್ಲೇ ಓದಿ ಮುಗಿಸಿದ್ದ.

ಮೈತ್ರಿಗೆ ಇಂಥ ಪ್ರಶ್ನೆಗಳು ಹೊಸವಲ್ಲ. ಯಾರಿಗೂ ಹೊಟ್ಟೆಕಿಚ್ಚು ಬಾರದ ಹಾಗೆ ಆಸ್ತಿ ಹಂಚುವುದು ಹೇಗೆ, ಮತ ಎಣಿಸಿ ಹತ್ತು ಜನರ ಮನಸ್ಸನ್ನು ಒಂದು ಮಾಡುವುದು ಹೇಗೆ ಎಂದು ಏಳು ವರ್ಷ ಗಣಿತ ಮಾಡಿದವಳು ಅವಳು. ಕೇಳಿದವರೆಲ್ಲ ಅವಳನ್ನು ಆಸ್ತಿ ವಕೀಲೆ ಎಂದೇ ತಿಳಿಯುತ್ತಿದ್ದರು. ಇವನೂ ಹಾಗೆಯೇ ಎಂದುಕೊಂಡು ನಗಲು ಹೊರಟಳು. ಆದರೆ ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

ಮೇಷ್ಟ್ರ ಹಾಗೆ ಉತ್ತರ ಕೊಟ್ಟಳು. ಮೊದಲು ಪಾಲುದಾರರ ಗಣವನ್ನು ಬರೆಯಬೇಕು, ಅದರಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದು ಗೊತ್ತಾಗಬೇಕು, ಇಲ್ಲದವರಿಗೆ ಪಾಲಿಲ್ಲ ಎಂದಳು.

"ಇದ್ದಾಳಾ ಇಲ್ವಾ ಅಂತ ಹೇಳೋರು ಯಾರು ಮೇಡಂ?"

ಗಣ ಸಿದ್ಧಾಂತ ಅಷ್ಟು ದೂರ ಯೋಚಿಸಿರಲಿಲ್ಲ. ಮೈತ್ರಿ ಬಿಟಿಎಂ ಲೇಔಟಿನ ತನ್ನ ರೂಮಿಗೆ ಹೋದಳು. ಪ್ರಶ್ನೆಯೂ ಜೊತೆಗೆ ಬಂತು, ಪ್ರಶ್ನೆ ಕೇಳಿದವನ ಕಣ್ಣೂ ಬಂತು.

ಬೈಂಡಿಂಗ್ ಎರಡು ದಿನದ ಕೆಲಸ. ಅವಳು ಆರು ತಿಂಗಳು ಆ ಅಂಗಡಿಗೆ ಹೋದಳು. ಒಂದು ಸಲ ಪುಟ ತಪ್ಪಿದೆ ಎಂದಳು, ಇನ್ನೊಂದು ಸಲ ರಟ್ಟಿನ ಬಣ್ಣ ಬೇರೆ ಬೇಕು ಎಂದಳು, ಆಮೇಲೆ ನೆಪ ಹೇಳುವುದನ್ನೇ ಬಿಟ್ಟಳು. ಅವನು ಹಾಳೆಗಳ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡುವಾಗ ಅವಳು ನೋಡುತ್ತಿದ್ದಳು. ಅವಳು ನೋಡುತ್ತಿದ್ದಾಳೆಂದು ತಿಳಿದರೆ ಅವನು ಸಮವಾದ ಕಟ್ಟನ್ನೇ ಮತ್ತೆರಡು ಸಲ ಕುಟ್ಟುತ್ತಿದ್ದ. ಪಕ್ಕದ ಜ್ಯೂಸ್ ಅಂಗಡಿಯವರಿಗೆಲ್ಲ ವಿಷಯ ಗೊತ್ತಾಗಿ, ಇವರಿಬ್ಬರಿಗೆ ಮಾತ್ರ ಏನೂ ಗೊತ್ತಿಲ್ಲದ ಹಾಗೆ ದಿನ ಕಳೆಯಿತು.

ಅವನ ಹೆಂಡತಿ ಜಯಶೀಲಾ. ಬ್ಲೌಸ್ ಹೊಲಿಯುವುದರಲ್ಲಿ ತ್ಯಾಗರಾಜನಗರಕ್ಕೆಲ್ಲ ಹೆಸರಾದವಳು, ನಾಲ್ಕು ವರ್ಷದ ಕೆಳಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಿದ್ದಳು. ಅವಳ ತಾಯಿ ಅಂಕಮ್ಮ ಅಳಿಯನ ಜೊತೆಯಲ್ಲೇ ಉಳಿದಿದ್ದರು. ಅಂಕಮ್ಮನ ಪ್ರಕಾರ ಮಗಳು ಹೋಗಿಲ್ಲ, ಮನೆಯಲ್ಲೇ ಇದ್ದಾಳೆ. ಅಂಗಡಿಯಲ್ಲಿ ಅವನು ಕೇಳಿದ ಪ್ರಶ್ನೆ ನಿಜಕ್ಕೂ ಅತ್ತೆಯದು.

ಮಹಾಲಯ ಅಮಾವಾಸ್ಯೆಯ ದಿನ ಅಂಕಮ್ಮ ಮೈತ್ರಿಯನ್ನು ಊಟಕ್ಕೆ ಕರೆಸಿದರು. ಅಂದು ಆ ಮನೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ, ಬಂದವರು ಉಂಡು ಹೋಗಲಿ ಎಂದು ಹೊರಗೆ ಕಾಯುತ್ತಾರೆ. ಮೈತ್ರಿಯ ಮನೆಯವರು ಬೌದ್ಧರು. ಅವಳ ತಂದೆ ಯಲ್ಲಯ್ಯ ಸತ್ತವರ ಫೋಟೋದ ಮುಂದೆ ಮೇಣದಬತ್ತಿ ಹಚ್ಚುತ್ತಾರೆಯೇ ಹೊರತು ಊಟ ಬಡಿಸುವುದಿಲ್ಲ.

ಮೆಟ್ಟಿಲ ಮೇಲೆಯೇ ದೇವರಾಜ್ ಅವಳನ್ನು ನಿಲ್ಲಿಸಿದ.

"ಅತ್ತೆ ಒಪ್ಪಿದ್ರೆ ಇವತ್ತು ನಿಮ್ಮನ್ನ ಒಂದು ಮಾತು ಕೇಳ್ತೀನಿ ಮೈತ್ರಿ. ಒಪ್ಪಲಿಲ್ಲ ಅಂದ್ರೆ ಯಾವತ್ತೂ ಕೇಳಲ್ಲ. ಅವ್ರಿಗೆ ಮಾತು ಕೊಟ್ಟಿದೀನಿ."

ಮೊದಲ ಸಲ ಅವನ ಬಾಯಲ್ಲಿ ಮೇಡಂ ಹೋಗಿ ಮೈತ್ರಿ ಬಂದಿತ್ತು. ಅದಕ್ಕೆ ಖುಷಿಪಡುವಷ್ಟೂ ಸಮಯ ಸಿಗಲಿಲ್ಲ. ಅಂಕಮ್ಮ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದರು.

ಅಂಕಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಎರಡನೆಯವಳು ಮನೆಗೆ ಬರುವ ಮೊದಲು ಮೊದಲನೆಯವಳನ್ನು ಕೇಳಬೇಕು, ಇದು ತಮ್ಮ ಕಡೆಯ ಪದ್ಧತಿ ಎಂದರು. ಬರಿಯ ಒಪ್ಪಿಗೆಯಾದರೆ ಫೋಟೋದಿಂದ ಹೂವು ಬಿತ್ತು ಎಂದು ಯಾರು ಬೇಕಾದರೂ ಹೇಳಬಹುದು, ತಮಗೆ ಲೆಕ್ಕ ಬೇಕು ಎಂದರು. ಮೈತ್ರಿ ದೇವರಾಜನಿಗೆ ವಿವರಿಸಿದ್ದ ಹಂಚಿಕೆಯ ವಿಧಾನ ಅವರಿಗೆ ಬಾಯಿಪಾಠವಾಗಿತ್ತು. ಇಬ್ಬರಿಗೂ ನೂರು ನೂರು ಅಂಕ. ಯಾವುದು ಎಷ್ಟು ಬೇಕೋ ಅದಕ್ಕೆ ಅಷ್ಟು ಅಂಕ ಗುಟ್ಟಾಗಿ ಬರೆಯುವುದು. ಹೆಚ್ಚು ಬರೆದವರಿಗೆ ಆ ವಸ್ತು. ಕೊನೆಗೆ ಇಬ್ಬರ ಸಂತೋಷವೂ ಸಮನಾಗಲು ಹೆಚ್ಚೆಂದರೆ ಒಂದೇ ಒಂದು ವಸ್ತುವನ್ನು ಭಾಗ ಮಾಡಬೇಕಾಗುತ್ತದೆ.

"ನೀನೂ ಬರಿ, ನನ್ನ ಮಗಳೂ ಬರೀಲಿ," ಎಂದರು ಅಂಕಮ್ಮ. "ಪಟ್ಟಿ ಹೇಳ್ತೀನಿ, ಬರ್ಕೊ."

ಹೊಲಿಗೆ ಮಷೀನು, ಕನ್ನಡಿ ಬೀರು, ಟೆರೇಸ್ ಮೇಲಿನ ಮಲ್ಲಿಗೆ ಕುಂಡಗಳು. ಮೈತ್ರಿ ಎರಡು ಹಾಳೆಯಲ್ಲೂ ಬರೆದಳು. ಆಮೇಲೆ ಅಂಕಮ್ಮ ನಾಲ್ಕನೆಯದನ್ನು ಹೇಳಿದರು, "ದೇವ್ರಾಜ."

ಪೆನ್ನು ನಿಂತಿತು. ಇದೊಂದು ಮುದುಕಿಯ ದುಃಖ, ನಡೆಸಿಕೊಟ್ಟರೆ ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅವನ ಹೆಸರನ್ನು ಮಲ್ಲಿಗೆ ಕುಂಡಗಳ ಕೆಳಗೆ ಬರೆಯುವಾಗ ಎಡೆಯ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು.

ತನ್ನ ಹಾಳೆಯನ್ನು ತೆಗೆದುಕೊಂಡು ಅಡುಗೆಮನೆಯ ಮೂಲೆಗೆ ಹೋದಳು. ಮೊದಲ ಮೂರರ ಮುಂದೆ ಸೊನ್ನೆ ಸುತ್ತಿದಳು. ನಾಲ್ಕನೆಯದರ ಮುಂದೆ ನೂರು ಬರೆದು, ಯಾರೋ ನೋಡಿಬಿಟ್ಟಂತೆ ಸರಕ್ಕನೆ ಮಡಚಿ ಬ್ಯಾಗಿಗೆ ಹಾಕಿದಳು.

ಇನ್ನೊಂದು ಹಾಳೆ ಒಳಕೋಣೆಗೆ ಹೋಯಿತು. ಎಲೆಯಲ್ಲಿ ವಡೆ, ಕಜ್ಜಾಯ, ಪಾಯಸ, ಜಯಶೀಲಾಗೆ ಪ್ರಾಣವಾಗಿದ್ದ ಖಾರ ಹಚ್ಚಿದ ಕಾಂಗ್ರೆಸ್ ಕಡಲೆಬೀಜ. ಪಕ್ಕದಲ್ಲಿ ಹೊಸ ಸೀರೆ, ಹಾಳೆ, ಮುಚ್ಚಳ ಹಾಕಿದ ಪೆನ್ನು. ಅಂಕಮ್ಮ ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಹಾಕಿದರು. ಕಿಟಕಿಯನ್ನು ಒಳಗಿನಿಂದ ಭದ್ರ ಮಾಡಿದ್ದನ್ನು ಮೈತ್ರಿಯೇ ನೋಡಿದ್ದಳು. ಮೂವರೂ ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ ಕೂತರು.

ಮಧ್ಯಾಹ್ನ ಒಂದು ಗಂಟೆ. ಕೆಳಗೆ ರಸ್ತೆಯಲ್ಲಿ ಹೂವಿನವಳು ಕೂಗುತ್ತಿದ್ದಳು. ಇದ್ದಕ್ಕಿದ್ದಂತೆ ಆ ಕೂಗು ನಿಂತುಹೋಯಿತು. ಕಾಗೆಗಳ ಸದ್ದೂ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ಬಾಳೆಎಲೆ ಸರಿದ ಹಾಗಾಯಿತು. ಆಮೇಲೆ ಸಣ್ಣಗೆ, ಬಹಳ ನಿಧಾನವಾಗಿ, ಕಾಗದದ ಮೇಲೆ ಏನೋ ಉಜ್ಜುವ ಸದ್ದು.

ಮೈತ್ರಿ ಎದ್ದು ನಿಲ್ಲಲು ನೋಡಿದಳು. ಅಂಕಮ್ಮ ಅವಳ ಮೊಣಕೈ ಹಿಡಿದು ಕೂರಿಸಿದರು.

"ಬರೀತಾವಳೆ. ಸುಮ್ಕಿರು."

ಸದ್ದು ನಿಂತ ಮೇಲೂ ಅರ್ಧ ಗಂಟೆ ಬಿಟ್ಟು, ಅಂಕಮ್ಮ ಮೂರು ಸಲ ಕೆಮ್ಮಿ ಬಾಗಿಲು ತೆರೆದರು. ಎಡೆಯಲ್ಲಿ ಒಂದು ಅಗುಳೂ ಕದಲಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ ಹಾಗೇ ಇತ್ತು. ಹಾಳೆಯ ಮೇಲೆ ಮಾತ್ರ ನೀಲಿ ಚಾಕಿನಲ್ಲಿ, ಟೈಲರುಗಳು ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ, ನಾಲ್ಕು ಸಂಖ್ಯೆಗಳಿದ್ದವು. ಮಷೀನಿಗೆ ಇಪ್ಪತ್ತೈದು, ಬೀರುವಿಗೆ ಹದಿನೈದು, ಮಲ್ಲಿಗೆಗೆ ಹತ್ತು. ದೇವರಾಜನಿಗೆ ಐವತ್ತು.

ಅಂಕಮ್ಮ ಹೆದರಲಿಲ್ಲ, ಹಾಳೆಯನ್ನು ಕಣ್ಣಿಗೊತ್ತಿಕೊಂಡರು. ಇದು ಅವಳು ಬರೆಯೋ ಐದೇ, ಐದರ ಹೊಟ್ಟೆ ಹೀಗೇ ಮುಂದೆ ಬರ್ತಿತ್ತು ಎಂದು ಹೇಳುತ್ತ ದೇವರಾಜ್ ಆ ಅಂಕಿಯ ಮೇಲೆ ಬೆರಳಾಡಿಸಿದ. ಮೈತ್ರಿ ಮಾತ್ರ, ಏಳು ವರ್ಷದ ಅಭ್ಯಾಸ ನೋಡಿ, ಕೂಡಿದಳು. ಒಟ್ಟು ನೂರು. ಲೆಕ್ಕ ಸರಿಯಾಗಿತ್ತು. ಅದಕ್ಕೇ ಅವಳಿಗೆ ನಿಜವಾದ ಭಯವಾಯಿತು.

"ಈಗ ನಿಂದು ಕೊಡು," ಎಂದರು ಅಂಕಮ್ಮ.

ಒಂದು ನಿಮಿಷ ಎಂದಳು ಮೈತ್ರಿ. ಹಾಳೆ ಬ್ಯಾಗಿನಲ್ಲಿತ್ತು, ಯಾರೂ ನೋಡಿರಲಿಲ್ಲ. ಈ ವಿಧಾನದಲ್ಲಿ ಒಂದು ಕಳ್ಳದಾರಿ ಇದೆ. ಎದುರಿನವರ ಅಂಕ ಮೊದಲೇ ಗೊತ್ತಾದರೆ ಸುಳ್ಳು ಹೇಳಿ ಗೆಲ್ಲಬಹುದು. ಇನ್ನೊಂದು ಹಾಳೆಯಲ್ಲಿ ದೇವರಾಜನಿಗೆ ಐವತ್ತೊಂದು ಬರೆದು, ಉಳಿದ ನಲವತ್ತೊಂಬತ್ತನ್ನು ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿದರೆ ಮೈತ್ರಿಗೆ ಐವತ್ತೊಂದು, ಜಯಶೀಲಾಗೆ ಐವತ್ತು, ಅವನು ಹೆಚ್ಚುಕಡಿಮೆ ಪೂರ್ತಿ ಮೈತ್ರಿಯವನು. ನೂರು ಎಂಬ ನಿಜವನ್ನೇ ಕೊಟ್ಟರೆ, ಆ ಕಡೆಯ ಐವತ್ತಕ್ಕೆ ಸಮ ಮಾಡಲು ಅವನಲ್ಲಿ ಒಂದು ಭಾಗವನ್ನು ಬಿಟ್ಟುಕೊಡಬೇಕು. ಅದೂ ಈ ಒಳಕೋಣೆಯವಳಿಗೆ.

ಮೈತ್ರಿಗೆ ಅವನು ಬೇಕಾಗಿತ್ತು, ಪೂರ್ತಿ ಬೇಕಾಗಿತ್ತು. ಕೈ ಬ್ಯಾಗಿನೊಳಗೆ ಪೆನ್ನು ಹುಡುಕಿತು, ಖಾಲಿ ಹಾಳೆಯನ್ನೂ ಹುಡುಕಿತು. ಒಳಕೋಣೆಯಿಂದ ತಣ್ಣನೆಯ ಗಾಳಿ ಬಂದು ಅವಳ ಕತ್ತಿನ ಹಿಂದೆ ನಿಂತಿತು. ಯಾರೋ ಹೆಗಲ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಬೆದರಿಸಲು ಬಂದ ಹಾಗಿರಲಿಲ್ಲ, ತನ್ನ ಹಾಗೆಯೇ ಉತ್ತರಕ್ಕೆ ಕಾಯುವವಳ ಉಸಿರು ಅದು. ಎಲ್ಲವನ್ನೂ ಕೇಳಬಹುದಾಗಿದ್ದವಳು ಅರ್ಧವನ್ನಷ್ಟೇ ಕೇಳಿದ್ದಳು. ಸತ್ತವಳು ನಿಜ ಬರೆದಿರುವಾಗ ಬದುಕಿರುವ ತಾನು ಸುಳ್ಳು ಬರೆಯುವುದೇ ಎಂದು ಮೈತ್ರಿಗೆ ನಾಚಿಕೆಯಾಯಿತು.

ಮಡಚಿದ ಹಾಳೆಯನ್ನು ಅಂಕಮ್ಮನಿಗೆ ಕೊಡದೆ ದೇವರಾಜನಿಗೆ ಕೊಟ್ಟಳು.

ಅವನು ಬಿಡಿಸಿ ನೋಡಿದ. ಮೂರು ಸೊನ್ನೆ, ಒಂದು ನೂರು. ಅವನ ಕಿವಿ ಕೆಂಪಾಯಿತು, ಕಣ್ಣು ಒದ್ದೆಯಾಯಿತು. ಆರು ತಿಂಗಳು ಕದ್ದು ಕದ್ದು ನೋಡಿದವನು ಈಗ ಅತ್ತೆಯ ಮುಂದೆಯೇ ಮುಖವೆತ್ತಿ ಅವಳನ್ನು ನೋಡಿದ. ಅವಳೂ ದೃಷ್ಟಿ ತಪ್ಪಿಸಲಿಲ್ಲ.

"ಎಲ್ಲಾ ನನಗೇನಾ?" ಎಂದ.

"ಎಲ್ಲಾ ನಿಮಗೇ. ಬೇರೆ ಏನೂ ಬೇಡ ನಂಗೆ."

ಲೆಕ್ಕ ಏನು ಹೇಳುತ್ತೆ ಎಂದು ಅಂಕಮ್ಮ ಕೇಳಿದರು. ಮೈತ್ರಿ ಹೇಳಿದಳು. ಮಷೀನು, ಬೀರು, ಮಲ್ಲಿಗೆ ಜಯಶೀಲಾಗೇ ಉಳಿಯುತ್ತವೆ. ದೇವರಾಜನಲ್ಲಿ ಮೂರರಲ್ಲಿ ಎರಡು ಪಾಲು ತನಗೆ, ಒಂದು ಪಾಲು ಜಯಶೀಲಾಗೆ. ಆಗ ಇಬ್ಬರ ಸಂತೋಷವೂ ಸಮ.

"ಮನುಷ್ಯನ್ನ ಮೂರು ಪಾಲು ಹೆಂಗ್ ಮಾಡ್ತೀಯಮ್ಮ?"

"ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಅಮ್ಮ. ಎಂಟು ಗಂಟೆ ಅವರದ್ದು."

ಯಾವ ಎಂಟು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ದೇವರಾಜನೇ ತಲೆ ತಗ್ಗಿಸಿ ಬಾಯಿಬಿಟ್ಟ.

"ನಿದ್ದೇಲಿ ಬರ್ತಾಳೆ ಮೈತ್ರಿ. ನಾಲ್ಕು ವರ್ಷದಿಂದ, ಒಂದಿನಾನೂ ತಪ್ಪಿಸಿಲ್ಲ. ಪಕ್ಕದಲ್ಲಿ ಕೂತ್ಕೊಂಡು ಮಾತಾಡ್ತಾಳೆ. ನಿಮಗೆ ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರ ಅಂತ ಹೇಳಿರ್ಲಿಲ್ಲ."

ಮೈತ್ರಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ನಿದ್ದೆ ಅವರದ್ದೇ ಆಗಲಿ, ತಾನು ಅದರಲ್ಲಿ ಪಾಲು ಕೇಳುವುದಿಲ್ಲ, ಎಚ್ಚರವಾದ ಮೇಲೆ ತನ್ನ ಹತ್ತಿರ ಬಂದರೆ ಸಾಕು ಎಂದಳು. ಹೇಳಿ ಮುಗಿಸುವಷ್ಟರಲ್ಲಿ ಕತ್ತಿನ ಹಿಂದಿನ ತಣ್ಣನೆ ಹೋಗಿತ್ತು. ಕೆಳಗೆ ಹೂವಿನವಳು ಮತ್ತೆ ಕೂಗತೊಡಗಿದಳು.

"ಪಾಲಿಗೆ ಬಂದದ್ದು ಪಂಚಾಮೃತ," ಎಂದು ಅಂಕಮ್ಮ ಎದ್ದು, ಎಡೆಯ ಎಲೆಯಿಂದಲೇ ಒಂದು ಕಜ್ಜಾಯ ತಂದು ಅವಳ ಕೈಗಿಟ್ಟರು. ಮೈತ್ರಿ ತಿಂದಳು.

ಚಳಿಗಾಲ ಮುಗಿಯುವ ಮೊದಲು ರಿಜಿಸ್ಟರ್ ಮದುವೆಯಾಯಿತು. ಯಲ್ಲಯ್ಯನವರು ಬಂದು ಮೇಣದಬತ್ತಿ ಹಚ್ಚಿ ಹರಸಿದರು.

ಈಗ ದಿನವೂ ಮೈತ್ರಿಗೆ ಐದೂವರೆಗೇ ಎಚ್ಚರವಾಗುತ್ತದೆ. ಕಾಫಿ ಮಾಡಿಕೊಂಡು ಬಂದು ಮಂಚದ ಈ ಕಡೆ ಕೂರುತ್ತಾಳೆ. ದೇವರಾಜ್ ಆ ಕಡೆಗೆ ಮುಖ ಮಾಡಿ ಮಲಗಿರುತ್ತಾನೆ. ಕೆಲವು ಸಲ ನಿದ್ದೆಯಲ್ಲೇ ನಗುತ್ತಾನೆ, ಮೈತ್ರಿಯ ಜೊತೆ ಎಂದೂ ನಗದ ಒಂದು ನಗು. ಹೊಟ್ಟೆಕಿಚ್ಚಿಲ್ಲದ ಪಾಲಿನ ಬಗ್ಗೆ ಪ್ರಮೇಯ ಸಾಧಿಸಿದವಳಿಗೆ ಆಗ ಹೊಟ್ಟೆ ಉರಿಯುತ್ತದೆ. ಗಡಿಯಾರ ನೋಡುತ್ತಾಳೆ. ಇನ್ನೂ ಹತ್ತು ನಿಮಿಷ ಇರುತ್ತದೆ. ಅದನ್ನು ಅವಳು ಕದಿಯುವುದಿಲ್ಲ.

ಆರಕ್ಕೆ ಸರಿಯಾಗಿ, ಯಾರೋ ಎದ್ದುಹೋದ ಹಾಗೆ, ಹಾಸಿಗೆಯ ಆ ಅಂಚು ಸ್ವಲ್ಪ ಮೇಲಕ್ಕೇಳುತ್ತದೆ. ಆಗ ಮೈತ್ರಿ ಅವನ ಹೆಸರು ಹಿಡಿದು ಕರೆಯುತ್ತಾಳೆ. ಅವನು ಈ ಕಡೆಗೆ ಹೊರಳಿ ಕಣ್ಣು ಬಿಡುತ್ತಾನೆ.