ಬಸ್ಸಿನ ಕೆಳಗೊಂದು ಸುತ್ತು

"ತೊಟ್ಟಿಕ್ತಿದೆ," ಎಂದು ತನಗೆ ತಾನೇ ಹೇಳಿಕೊಂಡಳು ಗಿರಗಿಟ್ಲೆ.

ಅವಳು ಹೊಸ ಬಸ್ಸಿನ ಹಿಂದೆ ಮಂಡಿಯೂರಿ, ಎರಡು ಜಡೆಗಳೂ ನೆಲ ಗುಡಿಸುವಷ್ಟು ಬಗ್ಗಿದ್ದಳು. ಕೂತಲ್ಲಿ ಕೂರದ ಹುಡುಗಿ ಎಂದು ಡಿಪೋದವರೇ ಇಟ್ಟ ಹೆಸರು ಗಿರಗಿಟ್ಲೆ. ಅಮ್ಮ ಬಸ್ ಡ್ರೈವರ್. ಅಮ್ಮನ ಮೊದಲ ಟ್ರಿಪ್ಪಿನಲ್ಲೇ ಅವಳು ದಿನವೂ ಶಾಲೆಗೆ ಹೋಗುವುದು.

ಬಸ್ಸಿನ ಹಿಂದಿನ ಪೈಪಿನಿಂದ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಡಿಪೋದಲ್ಲೊಂದು ಪದ್ಧತಿಯಿತ್ತು. ಬಸ್ಸಿನ ಕೆಳಗೆ ಏನೇ ಸೋರಲಿ, ಮೊದಲು ನೋಡಿದವರು ಅದರ ಸುತ್ತ ಸೀಮೆಸುಣ್ಣದಲ್ಲಿ ಸುತ್ತು ಎಳೆಯಬೇಕು. ನೋಡಿದವರು ಮ್ಯಾನೇಜರೋ ಕಸ ಗುಡಿಸುವವರೋ, ಅದೆಲ್ಲ ಲೆಕ್ಕಕ್ಕಿಲ್ಲ. ಸುತ್ತು ಬಿತ್ತೆಂದರೆ ಬಸ್ಸು ಕದಲುವ ಹಾಗಿಲ್ಲ. ಅದನ್ನು ಅಳಿಸುವ ಹಕ್ಕು ಮೆಕ್ಯಾನಿಕ್ ತಾತನ ಬೂಟಿಗೆ ಮಾತ್ರ.

ಗಿರಗಿಟ್ಲೆಯ ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಇವತ್ತು ಅದು ಕಳೆದುಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಯಾಕೆಂದರೆ ಇದು ಹೈಡ್ರೋಜನ್ ಬಸ್ಸು. ಡಿಪೋಗೆ ಬಂದ ಮೊದಲನೆಯದು. "ಇವತ್ತು ಟ್ರಯಲ್. ಮೊದಲ ಟ್ರಿಪ್ಪೇ ತಪ್ಪಿದ್ರೆ ಬಸ್ ವಾಪಸ್ ಕಳಿಸ್ಬಿಡ್ತೀನಿ," ಎಂದು ಕಂಟ್ರೋಲರ್ ಎಲ್ಲರೆದುರಿಗೇ ಹೇಳಿದ್ದರು. ಇದನ್ನು ಓಡಿಸಲೆಂದೇ ಅಮ್ಮ ರಜೆ ಬಿಟ್ಟು ಟ್ರೇನಿಂಗ್‌ಗೆ ಹೋಗಿದ್ದಳು. ನಿನ್ನೆ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಾ ಹಾಡು ಗುನುಗುತ್ತಿದ್ದಳು. ಅಮ್ಮ ಹಾಡಿದ್ದನ್ನು ಕೇಳಿ ಯಾವ ಕಾಲವಾಗಿತ್ತೋ.

ಹನಿಯನ್ನು ಬೇರೆ ಯಾರೂ ನೋಡಿರಲಿಲ್ಲ. ಸುಮ್ಮನೆ ಎದ್ದುಹೋಗಬಹುದಿತ್ತು. ಆದರೆ ನಿಜಕ್ಕೂ ಏನಾದರೂ ಕೆಟ್ಟಿದ್ದರೆ? ಒಳಗೆ ಕೂರುವವಳು ಅಮ್ಮನೇ ಅಲ್ಲವೇ? ತುಟಿ ಕಚ್ಚಿಕೊಂಡು ಸುತ್ತು ಎಳೆದಳು. ಆಮೇಲೆ ಅಮ್ಮನನ್ನು ಕರೆದಳು.

ಅಮ್ಮ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ. ಅದು ನೀರು ಕಣೇ. ಈ ಬಸ್ಸಲ್ಲಿ ಹೊಗೆ ಬರಲ್ಲ, ನೀರು ಬರುತ್ತೆ. ಟ್ರೇನಿಂಗಲ್ಲಿ ಹೇಳಿದಾರೆ."

"ಮೊದಲೇ ಹೇಳ್ಬಾರ್ದಿತ್ತಾ?"

"ನೀನು ಕೇಳಿದ್ದೆಲ್ಲ ಹಾರ್ನ್ ಹೇಗಿದೆ ಅಂತ."

ಅಷ್ಟರಲ್ಲಿ ಕಂಟ್ರೋಲರ್ ಬಂದರು. ಸುತ್ತು ನೋಡಿ ಹುಬ್ಬು ಗಂಟಿಕ್ಕಿದರು. "ಯಾರು ಎಳೆದಿದ್ದು?"

"ನಾನು," ಎಂದಳು ಗಿರಗಿಟ್ಲೆ.

"ಬರೀ ನೀರು ಸಾರ್," ಎಂದಳು ಅಮ್ಮ.

"ಇರಬಹುದಮ್ಮ. ಆದ್ರೆ ಹೊರಡೋ ಅವಸರದಲ್ಲಿ ಎಲ್ಲ ಡ್ರೈವರೂ ಬರೀ ನೀರು ಅಂತಾನೇ ಹೇಳೋದು. ತಾತ ಹೊಳೆ ದಾಟಿಸೋ ಹೊಸ ಲಾಂಚ್ ನೋಡೋಕೆ ಹೋಗಿದಾರೆ. ಬಂದು ಅಳಿಸ್ಲಿ."

ಅಮ್ಮ ಹೋಗಿ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಳು. ಬೈದಿದ್ದರೂ ವಾಸಿಯಿತ್ತು. ಗಿರಗಿಟ್ಲೆ ಮತ್ತೆ ಪೈಪಿನ ಹತ್ತಿರ ಹೋಗಿ ಕೂತಳು. ಒಂದು ಪ್ರಶ್ನೆ ಅವಳ ತಲೆ ತಿನ್ನತೊಡಗಿತು. ಇದು ನೀರು ಅಂತ ಗೊತ್ತಾಗೋದು ಹೇಗೆ?

ಹನಿಯನ್ನು ಬೆರಳಿಗೆ ಹಿಡಿದು ಮೂಸಿದಳು. ವಾಸನೆಯಿಲ್ಲ. ಉಜ್ಜಿ ನೋಡಿದಳು. ಜಾರಲಿಲ್ಲ. ನೋಟ್‌ಬುಕ್ಕಿನ ಕೊನೆ ಹಾಳೆ ಹರಿದು ಪೈಪಿನ ಕೆಳಗೆ ಹಿಡಿದಳು. ಪಕ್ಕದ ಡೀಸೆಲ್ ಬಸ್ಸಿನ ಚಕ್ರದಿಂದ ಒಂದು ಬೆರಳು ಗ್ರೀಸ್ ತೆಗೆದು ಅದೇ ಹಾಳೆಗೆ ಒತ್ತಿದಳು. ಆ ಬಸ್ಸು ಗುರುಗುರು ಎನ್ನುತ್ತಾ ನಿಂತಿತ್ತು. ಅದರ ಬಿಸಿ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಕಣ್ಣು ಮಿಟುಕಿಸದೆ ಕಾದಳು.

ಗ್ರೀಸಿನ ಕಲೆ ಹಾಗೇ ಉಳಿಯಿತು. ಹನಿಯ ಗುರುತು ಮೆಲ್ಲಗೆ ಆರಿ ಮಾಯವಾಯಿತು. ಅಲ್ಲಿ ಕಾಗದ ತುಸು ಸುಕ್ಕಾಗಿತ್ತು, ಅಷ್ಟೇ.

ಸೈಕಲ್ ಬೆಲ್ ಕೇಳಿಸಿತು. ತಾತ ಏದುಸಿರು ಬಿಡುತ್ತಾ ಇಳಿದರು. ಗಿರಗಿಟ್ಲೆ ಓಡಿಹೋಗಿ ಹಾಳೆ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿದರು.

"ನನ್ನ ಅರ್ಧ ಕೆಲಸ ನೀನೇ ಮುಗಿಸಿದೀಯಲ್ಲೇ," ಎನ್ನುತ್ತಾ ತಾವೂ ಬಗ್ಗಿ ಪೈಪ್ ಮುಟ್ಟಿ ನೋಡಿದರು.

"ತಾತ, ಇದಕ್ಕೆ ಯಾರೂ ನೀರು ಹಾಕಿಲ್ವಲ್ಲ. ಎಲ್ಲಿಂದ ಬಂತು?"

"ಮೇಲೆ ಟ್ಯಾಂಕಲ್ಲಿ ಹೈಡ್ರೋಜನ್ ಇದೆ. ಆಕ್ಸಿಜನ್ನ ಗಾಳಿಯಿಂದ ಎಳ್ಕೊಳುತ್ತೆ, ನಾವು ಮೂಗಲ್ಲಿ ಎಳ್ಕೊಳಲ್ವಾ, ಹಾಗೆ. ಫ್ಯೂಯೆಲ್ ಸೆಲ್ ಅಂತ ಒಂದು ಪೆಟ್ಟಿಗೆ ಇದೆ. ಅದರೊಳಗೆ ಎರಡೂ ಸೇರ್ತವೆ. ಕರೆಂಟ್ ಹುಟ್ಟಿ ಮೋಟಾರ್ ತಿರುಗುತ್ತೆ. ಕೊನೆಗೆ ಆಚೆ ಬಿಡೋದು ನೀರು."

"ಲಾಂಚಲ್ಲೂ ಹೀಗೇನಾ?"

"ಹೊಸ ಲಾಂಚಲ್ಲಿ ಹೀಗೇ. ಎದುರು ಗೋಡೌನಲ್ಲಿ ಮೂಟೆ ಎತ್ತೋ ಗಾಡಿ ಇದೆಯಲ್ಲ, ಅದರಲ್ಲೂ. ಕೆಲವು ಕಡೆ ರೈಲೂ ಹೀಗೇ ಓಡುತ್ತಂತೆ. ನಾನಿನ್ನೂ ನೋಡಿಲ್ಲ."

ತಾತ ಬೂಟಿನಿಂದ ಸುತ್ತು ಅಳಿಸಿದರು. ಕಂಟ್ರೋಲರ್ ವಾಚ್ ನೋಡಿ, "ಇನ್ನೂ ಟೈಮ್ ಇದೆ. ಹೊರಡಿ," ಎಂದು ವಿಷಲ್ ಊದಿದರು.

ಬಸ್ಸು ಎಷ್ಟು ಸದ್ದಿಲ್ಲದೆ ಹೊರಟಿತೆಂದರೆ, ಹಿಂದಿನ ಸೀಟಿನ ಅಜ್ಜಿ "ಯಾವಾಗಮ್ಮ ಹೊರಡೋದು?" ಎಂದು ಕೇಳುವಷ್ಟರಲ್ಲಿ ಡಿಪೋದ ಗೇಟು ದಾಟಿಯಾಗಿತ್ತು. ಅಷ್ಟು ನಿಶ್ಶಬ್ದವಾಗಿದ್ದರಿಂದಲೇ ಅಮ್ಮನ ಗುನುಗು ಗಿರಗಿಟ್ಲೆಗೆ ಕೇಳಿಸಿತು. ಅದೇ ನಿನ್ನೆಯ ಹಾಡು.

ಅವಳು ತಣ್ಣಗಿದ್ದ ಕಿಟಕಿ ಗಾಜಿಗೆ ಮೂಗು ಒತ್ತಿ ಕೂತಿದ್ದಳು. ಗಾಜು ಮಂಜಾಯಿತು. ಮಂಜಿನಿಂದ ಒಂದು ಹನಿ ಮೂಡಿ ಮೆಲ್ಲಗೆ ಕೆಳಗಿಳಿಯಿತು. ಅವಳು ಅದನ್ನೇ ನೋಡಿದಳು. ಬೆರಳಿನಿಂದ ಅದರ ಸುತ್ತ ಒಂದು ಸುತ್ತು ಎಳೆದಳು.

ಅಮ್ಮ ಕನ್ನಡಿಯಲ್ಲಿ ನೋಡಿಬಿಟ್ಟಿದ್ದಳು. "ಸುತ್ತು ಬಿತ್ತಾ? ಹಾಗಾದ್ರೆ ತಾತ ಬರೋವರೆಗೂ ನೀನು ಕದಲೋ ಹಾಗಿಲ್ಲ."

ಶಾಲೆ ಬರುವವರೆಗೂ ಗಿರಗಿಟ್ಲೆ ಕದಲಲಿಲ್ಲ. ಉಸಿರು ಎಳೆದುಕೊಂಡಳು, ಬಿಟ್ಟಳು. ಗಾಜಿನ ಮೇಲೆ ಇನ್ನೊಂದು ಹನಿ ಮೂಡಿತು.